ದಿನದ ಸೂಚನೆಯ ಜಾಗದಲ್ಲಿ ಪಾಸ್‌ವರ್ಡ್ ಪಟ್ಟಿ: ಎಂಐಟಿಯ 7094 ಯಂತ್ರದ ಒಂದು ಪ್ರಕರಣ

1960ರ ದಶಕದ ನಡುವಿನ ಒಂದು ಶುಕ್ರವಾರ ಸಂಜೆ ಐದರ ಸುಮಾರಿಗೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಲು ಬಿಡುವ ಸಿಟಿಎಸ್‌ಎಸ್ ವ್ಯವಸ್ಥೆಗೆ ಲಾಗಿನ್ ಆದವರ ಟರ್ಮಿನಲ್ಲುಗಳು, ಲಾಗಿನ್ ಆದೊಡನೆ ಎಲ್ಲರಿಗೂ ಬರುವ ಆ ದಿನದ ಸೂಚನೆಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್ ಪಟ್ಟಿಯನ್ನೇ ಕಾಗದದ ಮೇಲೆ ಅಚ್ಚು ಹಾಕತೊಡಗಿದವು. ಹೊರಗಿನವರು ಯಾರೂ ಒಳನುಗ್ಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಫೈಲ್ ತಿದ್ದುತ್ತಿದ್ದ ಇಬ್ಬರು ಅಡ್ಮಿನಿಸ್ಟ್ರೇಟರುಗಳೂ ತಂತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಿದ್ದರು.

ಈ ಘಟನೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಎಡಿಟರಿನ (ಫೈಲು ತಿದ್ದುವ ಪ್ರೋಗ್ರಾಮಿನ) ಎರಡು ತಾತ್ಕಾಲಿಕ ಫೈಲುಗಳು ಅದಲುಬದಲಾದವು, ಅಷ್ಟೆ. ಮಾತು ಸುಳ್ಳಲ್ಲ, ಆದರೆ ಅದನ್ನು ಕೇಳಿದವರಿಗೆ ಇದೊಂದು ಆಕಸ್ಮಿಕ ಎನಿಸುತ್ತದೆ. ನಿಜಕ್ಕೂ ಇಲ್ಲಿ ಆಕಸ್ಮಿಕವಾಗಿದ್ದದ್ದು ದಿನ ಮತ್ತು ಗಂಟೆ ಮಾತ್ರ. ಉಳಿದದ್ದೆಲ್ಲ ಆ ಎಡಿಟರನ್ನು ಬರೆದ ದಿನವೇ ಒಳಗೆ ಸೇರಿಹೋಗಿತ್ತು. ಹೇಗೆ ಎಂಬುದನ್ನು ಹಂತಹಂತವಾಗಿ ಬಿಡಿಸಿ ನೋಡಬೇಕಾದರೆ ಮೊದಲು ಯಂತ್ರವನ್ನು ತಿಳಿಯಬೇಕು.

ಯಂತ್ರ ಮತ್ತು ವ್ಯವಸ್ಥೆ

ಸಿಟಿಎಸ್‌ಎಸ್ ಎಂದರೆ ಕಂಪ್ಯಾಟಿಬಲ್ ಟೈಮ್ ಷೇರಿಂಗ್ ಸಿಸ್ಟಂ. ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ಮಾರ್ಜರಿ ಡ್ಯಾಗೆಟ್, ರಾಬರ್ಟ್ ಡೇಲಿ ಮೊದಲಾದವರು ಕಟ್ಟಿದ ಇದರ ಮೊದಲ ಪ್ರದರ್ಶನ 1961ರ ನವೆಂಬರಿನಲ್ಲಿ ಐಬಿಎಂ 709ರ ಮೇಲೆ ನಡೆಯಿತು. ಆಮೇಲೆ 7090, ಅದಾದ ಮೇಲೆ 7094. ಹಿನ್ನೆಲೆಯಲ್ಲಿ ಹಳೆಯ ಕಾರ್ಡ್ ಬ್ಯಾಚ್ ಕೆಲಸಗಳು ಮೊದಲಿನಂತೆಯೇ ಓಡುತ್ತಿದ್ದವು, ಮುಂದೆ ಟರ್ಮಿನಲ್ ಬಳಕೆದಾರರು ಕೂತಿರುತ್ತಿದ್ದರು. ಎರಡೂ ಒಟ್ಟಿಗೆ ಬಾಳಬಲ್ಲವು ಎಂದೇ ಆ ಹೆಸರು.

7094ರ ಒಂದು ವರ್ಡ್ 36 ಬಿಟ್. ಅಕ್ಷರವೊಂದಕ್ಕೆ 6 ಬಿಟ್ ಬೇಕಾದ್ದರಿಂದ ಒಂದು ವರ್ಡಿನಲ್ಲಿ ಸರಿಯಾಗಿ ಆರು ಅಕ್ಷರ ಹಿಡಿಯುತ್ತಿತ್ತು. ಈ ಆರರ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಮೆಮೊರಿಯ ಮೂಲ ಮಿತಿ 32,768 ವರ್ಡ್. ಎಂಐಟಿಯ ಯಂತ್ರದಲ್ಲಿ ಅಂಥ ಎರಡು ಕೋರ್ ಬ್ಯಾಂಕುಗಳಿದ್ದವು. ‘ಎ’ ಕೋರ್‌ನಲ್ಲಿ ಇಡೀ ವ್ಯವಸ್ಥೆಯನ್ನು ನಡೆಸುವ ಸೂಪರ್‌ವೈಸರ್ ಪ್ರೋಗ್ರಾಂ, ‘ಬಿ’ ಕೋರ್‌ನಲ್ಲಿ ಬಳಕೆದಾರರ ಪ್ರೋಗ್ರಾಂ. ‘ಬಿ’ ಕೋರ್‌ನಲ್ಲಿ ಒಂದು ಸಲಕ್ಕೆ ಒಬ್ಬರದೇ ಪ್ರೋಗ್ರಾಂ ಓಡುತ್ತಿತ್ತು. ಸರದಿ ಮುಗಿದೊಡನೆ ಅದು ಡ್ರಮ್ಮಿಗೆ (ತಿರುಗುವ ಕಾಂತೀಯ ಸಂಗ್ರಹಕ್ಕೆ) ಹೋಗಿ, ಡ್ರಮ್ಮಿನಲ್ಲಿದ್ದ ಮತ್ತೊಬ್ಬರ ಪ್ರೋಗ್ರಾಂ ಕೋರ್‌ಗೆ ಬರುತ್ತಿತ್ತು. ಹೊಸದು ಚಿಕ್ಕದಾಗಿದ್ದರೆ ಹಳೆಯದನ್ನು ಪೂರ್ತಿ ಹೊರಹಾಕದೆ, ಬೇಕಾದಷ್ಟು ಜಾಗವನ್ನು ಮಾತ್ರ ತೆರವು ಮಾಡುವ ಜಾಣ ಪದ್ಧತಿಯೂ ಇತ್ತು. ಹೀಗೆ ಸುಮಾರು 30 ಜನ ಏಕಕಾಲಕ್ಕೆ ಕೆಲಸ ಮಾಡಬಹುದಾಗಿತ್ತು.

ಮೆಮೊರಿಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈಹಾಕದಂತೆ ಐಬಿಎಂನಿಂದ ವಿಶೇಷವಾಗಿ ಮಾಡಿಸಿದ ರಕ್ಷಣಾ ರಿಜಿಸ್ಟರುಗಳು ಮತ್ತು ಸ್ಥಳಾಂತರ ರಿಜಿಸ್ಟರು ಇದ್ದವು. 256 ವರ್ಡುಗಳ ಒಂದೊಂದು ಬ್ಲಾಕಿನ ಅಳತೆಯಲ್ಲಿ ಗಡಿ ಹಾಕಿ, ಗಡಿ ದಾಟಿದ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಮಾಡಿದ್ದರು. ನಮ್ಮ ಪ್ರಕರಣದಲ್ಲಿ ಈ ಬೇಲಿ ಎಲ್ಲೂ ಮುರಿಯಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಮೆಮೊರಿಯನ್ನು ಅಷ್ಟು ಎಚ್ಚರದಿಂದ ಕಾಯ್ದವರೇ ಡಿಸ್ಕಿನ ಮೇಲಿನ ಒಂದು ಹೆಸರನ್ನು ಕಾಯಲಿಲ್ಲ.

ಡಿಸ್ಕ್ ಮೊದಲು ಐಬಿಎಂ 1301, ನಂತರ 1302. ಪ್ರತಿ ಬಳಕೆದಾರರಿಗೂ ಒಂದು ಪ್ರಾಬ್ಲಂ ನಂಬರು, ಒಂದು ಪ್ರೋಗ್ರಾಮರ್ ನಂಬರು, ಈ ಜೋಡಿಗೆ ಒಂದು ಡೈರೆಕ್ಟರಿ. ಫೈಲಿನ ಹೆಸರಿಗೆ ಎರಡು ಭಾಗ, ಭಾಗಕ್ಕೆ ಹೆಚ್ಚೆಂದರೆ ಆರು ಅಕ್ಷರ. ಅಂದರೆ ಹೆಸರಿನ ಒಂದು ಭಾಗ ಸರಿಯಾಗಿ ಒಂದು ವರ್ಡ್. ಹೆಸರು ಹೋಲಿಸುವುದೆಂದರೆ ಎರಡು ವರ್ಡುಗಳನ್ನು ಹೋಲಿಸುವುದು, ಹೆಸರನ್ನು ಪ್ರೋಗ್ರಾಮಿನಲ್ಲಿ ಬರೆದಿಡುವುದೆಂದರೆ ಎರಡು ವರ್ಡುಗಳ ಸ್ಥಿರಾಂಕ ಇಡುವುದು. ಅಸೆಂಬ್ಲಿ ಭಾಷೆಯಲ್ಲಿ ಬರೆಯುವವರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಟರ್ಮಿನಲ್ ಎಂದರೆ ಪರದೆ ಅಲ್ಲ. ಐಬಿಎಂ 1050, ಆಮೇಲೆ 2741, ಜೊತೆಗೆ ಟೆಲಿಟೈಪ್ ಮಾಡೆಲ್ 35. ಎಲ್ಲವೂ ಕಾಗದದ ಸುರುಳಿಯ ಮೇಲೆ ಬಡಿಯುವ ಯಂತ್ರಗಳೇ. ಟೆಲಿಟೈಪಿನ ವೇಗ ಸೆಕೆಂಡಿಗೆ 10 ಅಕ್ಷರ, 2741ರದು 15ಕ್ಕೆ ಸ್ವಲ್ಪ ಕಡಿಮೆ. ಲಾಗಿನ್ ಆಗುವ ಕ್ರಮ ಹೀಗಿತ್ತು: ಲಾಗಿನ್ ಆಜ್ಞೆಯ ಜೊತೆ ಪ್ರಾಬ್ಲಂ ನಂಬರು ಮತ್ತು ಹೆಸರು ಬಡಿಯಬೇಕು. ಯಂತ್ರ ‘ಡಬ್ಲ್ಯೂ’ ಅಕ್ಷರದೊಂದಿಗೆ ಹೊತ್ತನ್ನು ತೋರಿಸಿ, ಪಾಸ್‌ವರ್ಡ್ ಕೇಳುತ್ತದೆ. ಆ ಗಳಿಗೆಗೆ ಮಾತ್ರ ಟರ್ಮಿನಲ್ಲಿನ ಅಚ್ಚನ್ನು ನಿಲ್ಲಿಸಲಾಗುತ್ತದೆ. ಬಡಿದದ್ದು ಕಾಗದದ ಮೇಲೆ ಮೂಡುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೆ ದಿನದ ಸೂಚನೆ ಬರುತ್ತದೆ: ಇಂಥ ಹೊತ್ತಿಗೆ ಯಂತ್ರ ನಿಲ್ಲುತ್ತದೆ, ಇಂಥ ಆಜ್ಞೆ ಬದಲಾಗಿದೆ, ಇತ್ಯಾದಿ. ಕೊನೆಗೆ ‘ಆರ್’ ಅಕ್ಷರ, ಅದರ ಪಕ್ಕದಲ್ಲಿ ಬಳಸಿದ ಸೆಕೆಂಡುಗಳ ಲೆಕ್ಕ. ಅಲ್ಲಿಗೆ ಯಂತ್ರ ಮುಂದಿನ ಆಜ್ಞೆಗೆ ಸಿದ್ಧ.

ಒಬ್ಬರು ಬಡಿಯುವ ಪಾಸ್‌ವರ್ಡನ್ನು ಪಕ್ಕದಲ್ಲಿ ನಿಂತವರು ನೋಡಬಾರದೆಂದು ಇಷ್ಟು ಕಾಳಜಿ. ಆದರೆ ಅದೇ ಪಾಸ್‌ವರ್ಡು ಡಿಸ್ಕಿನ ಮೇಲೆ, ಎಲ್ಲರ ಪಾಸ್‌ವರ್ಡುಗಳ ಜೊತೆ, ಓದಬಹುದಾದ ಸಾದಾ ಪಠ್ಯವಾಗಿ ಕೂತಿತ್ತು. ಅಡ್ಮಿನಿಸ್ಟ್ರೇಟರು ಹೊಸ ಬಳಕೆದಾರರನ್ನು ಸೇರಿಸಲು, ಯಾರಾದರೂ ಮರೆತಿದ್ದರೆ ಬದಲಿಸಿಕೊಡಲು ಆ ಫೈಲನ್ನು ಮಾಮೂಲಿ ಎಡಿಟರಿನಲ್ಲಿ ತೆರೆದು ತಿದ್ದುತ್ತಿದ್ದರು.

ಎಡಿಟರ್ ಕೆಲಸ ಮಾಡುತ್ತಿದ್ದ ರೀತಿ

ಆ ಕಾಲದ ಎಡಿಟರು ಸಾಲಿನ ಲೆಕ್ಕದಲ್ಲಿ ನಡೆಯುತ್ತಿತ್ತು. ಒಂದು ಸೂಚಕ ಯಾವುದೋ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಹುಡುಕು, ಮುಂದಿನ ಸಾಲು, ಅಳಿಸು, ಬದಲಿಸು, ಸೇರಿಸು, ಅಚ್ಚು ಹಾಕು ಎಂಬ ಆಜ್ಞೆಗಳಿಂದ ಅದನ್ನು ಕೆಳಕ್ಕೆ ಇಳಿಸುತ್ತಾ ತಿದ್ದುತ್ತಾ ಹೋಗಬೇಕು. ತಿದ್ದುಪಡಿ ಮೂಲ ಫೈಲಿನ ಮೇಲೆ ನೇರವಾಗಿ ಆಗುವುದಿಲ್ಲ. ದಾಟಿಬಂದ ಸಾಲುಗಳು ಒಂದು ತಾತ್ಕಾಲಿಕ ಫೈಲಿಗೆ ಬರೆಯಲ್ಪಡುತ್ತವೆ. ಕೊನೆಗೆ ‘ಫೈಲ್’ ಎಂಬ ಆಜ್ಞೆ ಕೊಟ್ಟಾಗ ಉಳಿದ ಸಾಲುಗಳೂ ಅಲ್ಲಿಗೆ ಸೇರಿ, ಮೂಲದ ಹೆಸರು ತಾತ್ಕಾಲಿಕ ಫೈಲಿಗೆ ಬರುತ್ತದೆ. ‘ಕ್ವಿಟ್’ ಎಂದರೆ ತಾತ್ಕಾಲಿಕ ಫೈಲನ್ನು ಬಿಸಾಡಿ, ಮೂಲವನ್ನು ಮುಟ್ಟದೆ ಹೊರಬರುತ್ತದೆ.

ಇದು ಒಳ್ಳೆಯ ವಿನ್ಯಾಸವೇ. ನಡುವೆ ಯಂತ್ರ ಕುಸಿದರೆ ಮೂಲ ಉಳಿಯುತ್ತದೆ. ಇಂದಿಗೂ ಎಚ್ಚರದಿಂದ ಬರೆದ ಪ್ರೋಗ್ರಾಮುಗಳು ಹೊಸ ಫೈಲನ್ನು ಪಕ್ಕದಲ್ಲಿ ಬರೆದು, ಕೊನೆಯಲ್ಲಿ ಹೆಸರು ಬದಲಿಸುತ್ತವೆ. ತೊಡಕಿದ್ದದ್ದು ತಾತ್ಕಾಲಿಕ ಫೈಲಿನ ಹೆಸರಿನಲ್ಲಿ. ಅದು ಯಾವಾಗಲೂ ಒಂದೇ. ಎಡಿಟರಿನೊಳಗೆ ಎರಡು ವರ್ಡುಗಳ ಸ್ಥಿರಾಂಕವಾಗಿ ಬರೆದಿಟ್ಟದ್ದು. ಎಡಿಟರು ಆ ಹೆಸರಿನ ಫೈಲನ್ನು ಬಳಕೆದಾರರ ಡೈರೆಕ್ಟರಿಯಲ್ಲಿ ಸೃಷ್ಟಿಸುತ್ತಿತ್ತು. ಹಳೆಯದು ಯಾವುದಾದರೂ ಅಲ್ಲಿ ಉಳಿದಿದ್ದರೆ, ಹಿಂದೆ ಅರ್ಧಕ್ಕೆ ನಿಂತ ಕೆಲಸದ ಕಸ ಎಂದು ಅದನ್ನು ತೆಗೆದುಹಾಕುವುದೇ ಸಹಜ.

ಇದನ್ನು ಬರೆದವರನ್ನು ದೂರುವುದು ಅನ್ಯಾಯ. ಒಂದು ಡೈರೆಕ್ಟರಿ ಒಬ್ಬರದು. ಒಬ್ಬರು ಒಂದು ಸಲಕ್ಕೆ ಒಂದು ಟರ್ಮಿನಲ್ಲಿನಲ್ಲಿ ಕೂರುತ್ತಾರೆ. ಒಂದು ಟರ್ಮಿನಲ್ಲಿನಲ್ಲಿ ಒಂದು ಸಲಕ್ಕೆ ಒಂದೇ ಎಡಿಟರ್ ಓಡುತ್ತದೆ. ಈ ಮೂರೂ ನಿಜವಾಗಿರುವ ತನಕ ಒಂದು ಡೈರೆಕ್ಟರಿಯಲ್ಲಿ ಎರಡು ತಾತ್ಕಾಲಿಕ ಫೈಲುಗಳು ಬೇಕಾಗುವ ಪ್ರಸಂಗವೇ ಬರುವುದಿಲ್ಲ. ಕೋರ್‌ನಲ್ಲಿ ಪ್ರತಿಯೊಂದು ವರ್ಡಿಗೂ ಬೆಲೆಯಿದ್ದ ಕಾಲದಲ್ಲಿ ಬೇಡದ ಪ್ರಸಂಗಕ್ಕೆ ಕೋಡ್ ಬರೆಯುವವರು ಯಾರು?

ಮುರಿದದ್ದು ಮೊದಲನೆಯ ನಿಯಮ. ವ್ಯವಸ್ಥೆ ಬೆಳೆದಂತೆ ಅದನ್ನು ನೋಡಿಕೊಳ್ಳುವ ಸಿಸ್ಟಂ ಪ್ರೋಗ್ರಾಮರುಗಳ ಸಂಖ್ಯೆಯೂ ಬೆಳೆಯಿತು. ಎಲ್ಲರಿಗೂ ಅದೇ ಆಡಳಿತದ ಫೈಲುಗಳು ಬೇಕು. ಒಬ್ಬರು ಲಾಗೌಟ್ ಆಗುವ ತನಕ ಇನ್ನೊಬ್ಬರು ಕಾಯುತ್ತ ಕೂರುವುದು ದಿನನಿತ್ಯದ ಕಿರಿಕಿರಿ. ಅದಕ್ಕಾಗಿ ಆ ಒಂದು ಡೈರೆಕ್ಟರಿಗೆ ಮಾತ್ರ ವಿನಾಯಿತಿ ಕೊಡಲಾಯಿತು: ಹಲವರು ಒಟ್ಟಿಗೆ ಕೆಲಸ ಮಾಡಬಹುದು. ವಿನಾಯಿತಿ ಸಿಕ್ಕಿದ್ದು ಲಾಗಿನ್ ಭಾಗದಲ್ಲಿ. ಅದನ್ನು ನಂಬಿ ನಿಂತಿದ್ದ ಊಹೆ ಇದ್ದದ್ದು ಎಡಿಟರಿನಲ್ಲಿ. ಲಾಗಿನ್ ಪ್ರೋಗ್ರಾಮಿನ ಕೋಡನ್ನು ಎಷ್ಟೇ ಸಲ ಓದಿದರೂ ಎಡಿಟರಿನ ತೊಂದರೆ ಕಾಣುವುದಿಲ್ಲ, ಎಡಿಟರಿನ ಕೋಡನ್ನು ಓದಿದರೆ ವಿನಾಯಿತಿಯ ಸುಳಿವೇ ಸಿಗುವುದಿಲ್ಲ.

ಇಡೀ ವ್ಯವಸ್ಥೆಯಲ್ಲಿ ಆ ನಿಯಮ ಸಡಿಲವಾಗಿದ್ದ ಡೈರೆಕ್ಟರಿ ಯಾವುದು? ಪಾಸ್‌ವರ್ಡ್ ಫೈಲೂ ದಿನದ ಸೂಚನೆಯ ಫೈಲೂ ಎರಡೂ ಇದ್ದ ಡೈರೆಕ್ಟರಿಯೇ. ಇದು ದುರದೃಷ್ಟವಲ್ಲ. ಹಲವರಿಗೆ ಬೇಕಾದದ್ದು ಅತಿ ಮುಖ್ಯವಾದ ಫೈಲುಗಳೇ ಆಗಿರುವುದರಿಂದ ವಿನಾಯಿತಿಯೂ ಅತಿ ಸೂಕ್ಷ್ಮವಾದ ಜಾಗಕ್ಕೇ ಸಿಗುತ್ತದೆ.

ಅದಲುಬದಲು ಆಗುವ ಕ್ರಮ

ಸೂಚನೆಯ ಜಾಗಕ್ಕೆ ಪಾಸ್‌ವರ್ಡ್ ಪಟ್ಟಿ ಬರಲು ಬೇಕಾದ ಅತಿ ಚಿಕ್ಕ ಸರಣಿ ನಾಲ್ಕೇ ಹೆಜ್ಜೆಯದು.

1. ಮೊದಲನೆಯವರು ದಿನದ ಸೂಚನೆಯನ್ನು ತಿದ್ದಲು ಎಡಿಟರ್ ತೆರೆಯುತ್ತಾರೆ. ತಾತ್ಕಾಲಿಕ ಫೈಲು ಹುಟ್ಟುತ್ತದೆ, ಅದರಲ್ಲಿ ಸೂಚನೆಯ ಸಾಲುಗಳಿವೆ.
2. ಅವರು ಇನ್ನೂ ಬಡಿಯುತ್ತಿರುವಾಗಲೇ ಎರಡನೆಯವರು ಅದೇ ಡೈರೆಕ್ಟರಿಯಿಂದ ಪಾಸ್‌ವರ್ಡ್ ಫೈಲನ್ನು ತೆರೆಯುತ್ತಾರೆ. ಎರಡನೆಯ ಎಡಿಟರು ಅದೇ ಹೆಸರಿನ ಹಳೆಯ ಫೈಲನ್ನು ಕಸವೆಂದು ತೆಗೆದು, ತನ್ನದನ್ನು ಬರೆಯುತ್ತದೆ. ಈಗ ಆ ಹೆಸರಿನಡಿ ಪಾಸ್‌ವರ್ಡುಗಳಿವೆ.
3. ಮೊದಲನೆಯವರು ಕೆಲಸ ಮುಗಿಸಿ ‘ಫೈಲ್’ ಎನ್ನುತ್ತಾರೆ. ಅವರ ಎಡಿಟರು ಹೆಸರನ್ನು ಮಾತ್ರ ಬಲ್ಲದು. ಆ ಹೆಸರಿನಡಿ ಇರುವುದನ್ನು ಎತ್ತಿ ದಿನದ ಸೂಚನೆಯ ಹೆಸರು ಕೊಡುತ್ತದೆ.
4. ಮುಂದಿನ ಬಳಕೆದಾರರು ಲಾಗಿನ್ ಆಗುತ್ತಾರೆ. ಲಾಗಿನ್ ಪ್ರೋಗ್ರಾಂ ಸೂಚನೆಯ ಫೈಲನ್ನು ಓದಿ ಅಚ್ಚು ಹಾಕುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಲ್ಲ ಸರಿಯಾಗಿ ಮುಗಿಯಿತು ಎಂಬಂತೆ ‘ಆರ್’ ಮೂಡುತ್ತದೆ. ಮೊದಲನೆಯವರು ಸೂಚನೆಯನ್ನು ಒಮ್ಮೆ ಅಚ್ಚು ಹಾಕಿಸಿ ನೋಡದ ಹೊರತು ಏನಾಯಿತೆಂದು ತಿಳಿಯುವ ದಾರಿ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು ಸಮಯದ ಅಳತೆ. ಇಬ್ಬರು ಒಂದೇ ವಸ್ತುವಿಗೆ ಕೈಹಾಕುವ ದೋಷ ಎಂದೊಡನೆ ನಾವು ಮೈಕ್ರೊಸೆಕೆಂಡುಗಳ ಪೈಪೋಟಿಯನ್ನು ಕಲ್ಪಿಸಿಕೊಳ್ಳುತ್ತೇವೆ. ಸಿಟಿಎಸ್‌ಎಸ್‌ನಲ್ಲಿ ‘ಬಿ’ ಕೋರ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಇರುತ್ತಿದ್ದುದರಿಂದ ಅಂಥ ಪೈಪೋಟಿಗೆ ಎಡೆ ಕಡಿಮೆ. ಆದರೆ ಈ ದೋಷದ ಕಿಂಡಿ ಎಡಿಟರ್ ತೆರೆದ ಗಳಿಗೆಯಿಂದ ಮುಚ್ಚುವ ತನಕ, ಅಂದರೆ ಒಬ್ಬ ಮನುಷ್ಯ ಯೋಚಿಸಿ, ಬಡಿದು, ಮತ್ತೆ ಓದಿ ತಿದ್ದುವಷ್ಟು ಹೊತ್ತು ತೆರೆದೇ ಇರುತ್ತದೆ. ಹತ್ತು ನಿಮಿಷವೂ ಆಗಬಹುದು. ಸೆಕೆಂಡಿಗೆ 10 ಅಕ್ಷರದ ಟರ್ಮಿನಲ್ಲು ಆ ಹೊತ್ತನ್ನು ಇನ್ನಷ್ಟು ಎಳೆಯುತ್ತದೆ. ಹೀಗೆ ನೋಡಿದರೆ ಅದು ಅಷ್ಟು ದಿನ ಆಗದೆ ಉಳಿದದ್ದೇ ಹೆಚ್ಚು.

ಅನುಮತಿಯ ವಿಷಯವೂ ಇದೆ. ಸಿಟಿಎಸ್‌ಎಸ್‌ನಲ್ಲಿ ಫೈಲುಗಳಿಗೆ ಖಾಸಗಿ, ಓದಲು ಮಾತ್ರ ಎಂಬಂಥ ಗುರುತುಗಳಿದ್ದವು. ಆದರೆ ಗುರುತು ಅಂಟಿಕೊಂಡಿರುವುದು ಡೈರೆಕ್ಟರಿಯಲ್ಲಿನ ನಮೂದಿಗೆ, ಒಳಗಿನ ಮಾತಿಗಲ್ಲ. ಪಾಸ್‌ವರ್ಡ್ ಫೈಲಿನ ಸಾಲುಗಳು ತಾತ್ಕಾಲಿಕ ಫೈಲಿಗೆ ಬಂದಾಗ ಅವು ಬರೀ ಸಾಲುಗಳು. ಅಲ್ಲಿಂದ ಸೂಚನೆಯ ಹೆಸರಿಗೆ ಹೋದಾಗ ಎಲ್ಲರಿಗೂ ತೋರಿಸಬೇಕಾದ ಸಾಲುಗಳು. ಯಾವ ಹಂತದಲ್ಲೂ ಯಾರೂ ತಮಗಿಲ್ಲದ ಅನುಮತಿಯನ್ನು ಬಳಸಲಿಲ್ಲ. ಅನುಮತಿಯ ಪರೀಕ್ಷೆಯನ್ನು ಎಷ್ಟು ಬಿಗಿ ಮಾಡಿದ್ದರೂ ಇದು ತಪ್ಪುತ್ತಿರಲಿಲ್ಲ.

ನಿಲ್ಲಿಸಿದ್ದು ಹೇಗೆ

ಪಟ್ಟಿ ಹೊರಬರುತ್ತಿರುವುದನ್ನು ಕಂಡು ಕೈಗೆತ್ತಿಕೊಂಡವರು ವಿಲಿಯಂ ಮ್ಯಾಥ್ಯೂಸ್. ಅವರ ಮುಂದಿದ್ದ ಆಯ್ಕೆಗಳನ್ನು ತೂಗಿ ನೋಡುವುದು ಒಳ್ಳೆಯದು, ಏಕೆಂದರೆ ಈ ಪ್ರಕರಣದಲ್ಲಿ ಮನುಷ್ಯರೊಬ್ಬರು ನಿಜವಾಗಿ ತೀರ್ಮಾನ ಮಾಡಬೇಕಾಗಿ ಬಂದ ಜಾಗ ಇದೊಂದೇ.

ಅಡ್ಮಿನಿಸ್ಟ್ರೇಟರಿಗೆ ಫೋನ್ ಮಾಡಿ ಸೂಚನೆಯ ಫೈಲನ್ನು ಸರಿಪಡಿಸಲು ಹೇಳಬಹುದು. ಶುಕ್ರವಾರ ಸಂಜೆ ಐದು ಗಂಟೆಗೆ ಸರಿಯಾದ ವ್ಯಕ್ತಿ ಸಿಗಬೇಕು, ಅವರಿಗೆ ವಿಷಯ ಅರ್ಥವಾಗಬೇಕು, ಅವರು ಲಾಗಿನ್ ಆಗಬೇಕು. ಲಾಗಿನ್ ಆದೊಡನೆ ಅವರ ಟರ್ಮಿನಲ್ಲಿಗೂ ಅದೇ ಪಟ್ಟಿ ಬರುತ್ತದೆ! ಅಷ್ಟರಲ್ಲಿ ಇನ್ನೆಷ್ಟೋ ಜನ ಲಾಗಿನ್ ಆಗಿರುತ್ತಾರೆ. ಯಂತ್ರದ ಕೋಣೆಗೆ ಫೋನ್ ಮಾಡಿ ಆಪರೇಟರಿಗೆ ನಿಲ್ಲಿಸಲು ಹೇಳಬಹುದು. ಆದರೆ 30 ಜನ ಬಳಸುತ್ತಿರುವ ಯಂತ್ರವನ್ನು ಫೋನಿನಲ್ಲಿ ಕೇಳಿದ ಮಾತಿಗೆ ಆಪರೇಟರು ನಿಲ್ಲಿಸಬೇಕೆ?

ಮ್ಯಾಥ್ಯೂಸ್ ಮೂರನೆಯ ದಾರಿ ಹಿಡಿದರು. ಡಿಬಗ್ಗರ್ (ಪ್ರೋಗ್ರಾಮಿನ ತಪ್ಪು ಹುಡುಕುವ ಸಾಧನ) ತೆರೆದು, ಒಂದೇ ಒಂದು ಯಂತ್ರಸೂಚನೆಯನ್ನು, ಅಂದರೆ ಯಂತ್ರ ನೇರವಾಗಿ ನಡೆಸುವ ಆಜ್ಞೆಯನ್ನು, ಬಡಿದು ಓಡಿಸಿದರು: ‘ಎಕ್ಸ್‌ಇಸಿ *’.

7094ರಲ್ಲಿ ಎಕ್ಸ್‌ಇಸಿ ಎಂದರೆ ಎಕ್ಸಿಕ್ಯೂಟ್. ಹೇಳಿದ ವಿಳಾಸಕ್ಕೆ ಜಿಗಿಯದೆ, ಆ ವಿಳಾಸದಲ್ಲಿರುವ ಒಂದು ಯಂತ್ರಸೂಚನೆಯನ್ನು ತನ್ನದೇ ಜಾಗದಲ್ಲಿ ನಿಂತು ನಡೆಸುವುದು ಅದರ ಕೆಲಸ. ಅಸೆಂಬ್ಲರಿನಲ್ಲಿ ನಕ್ಷತ್ರ ಚಿಹ್ನೆ ಎಂದರೆ ‘ಇದೇ ವಿಳಾಸ’. ಹಾಗಾಗಿ ಈ ಸೂಚನೆ ತನ್ನನ್ನೇ ನಡೆಸಲು ಹೋಗುತ್ತದೆ, ಅದು ಮತ್ತೆ ತನ್ನನ್ನೇ. ಸಾಮಾನ್ಯ ಕೊನೆಯಿಲ್ಲದ ಸುತ್ತಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯ ಸುತ್ತಿನಲ್ಲಿ ಒಂದು ಸೂಚನೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಗಡಿಯಾರದ ಇಂಟರಪ್ಟ್ (ಓಡುತ್ತಿರುವುದನ್ನು ತಡೆಯುವ ಸಂಕೇತ) ಒಳಬರಲು ಎಡೆ ಸಿಗುತ್ತದೆ. ಸೂಪರ್‌ವೈಸರ್ ಆ ಪ್ರೋಗ್ರಾಮನ್ನು ಹೊರಗೆ ತಳ್ಳಿ ಮುಂದಿನವರಿಗೆ ಸರದಿ ಕೊಡುತ್ತದೆ. ಎಕ್ಸ್‌ಇಸಿ ತನ್ನನ್ನೇ ಕರೆದಾಗ ಸೂಚನೆ ಮುಗಿಯುವುದೇ ಇಲ್ಲ. ಇಂಟರಪ್ಟ್ ಬಾಗಿಲಲ್ಲೇ ನಿಲ್ಲುತ್ತದೆ, ಸೂಪರ್‌ವೈಸರ್ ಮತ್ತೆ ಎಚ್ಚರಗೊಳ್ಳುವುದಿಲ್ಲ, ಇಡೀ ಯಂತ್ರ ಸ್ತಬ್ಧ. ಆಪರೇಟರು ಕನ್ಸೋಲಿಗೆ ಬಂದು ರೀಸೆಟ್ ಮಾಡಲೇಬೇಕು.

ಮೆಮೊರಿ ರಕ್ಷಣೆ, ವಿಶೇಷ ಸೂಚನೆಗಳ ನಿಷೇಧ ಎಲ್ಲ ಇದ್ದೂ ಸಾಮಾನ್ಯ ಬಳಕೆದಾರರೊಬ್ಬರು ಒಂದು ವರ್ಡಿನಿಂದ ಯಂತ್ರವನ್ನು ನಿಲ್ಲಿಸಬಹುದಾಗಿತ್ತು. ಅದು ಯಂತ್ರಾಂಶದ ದೌರ್ಬಲ್ಯ. ಆ ಸಂಜೆ ಆ ದೌರ್ಬಲ್ಯವೇ ಕೈಗೆ ಸಿಕ್ಕ ತುರ್ತು ಬ್ರೇಕ್ ಆಯಿತು. ಡ್ರಮ್ಮಿನಲ್ಲಿ, ಕೋರ್‌ನಲ್ಲಿ ಇದ್ದ, ಇನ್ನೂ ಡಿಸ್ಕಿಗೆ ಬರೆಯದ ಎಲ್ಲರ ಕೆಲಸವೂ ಹೋಗುವ ತೀರ್ಮಾನ ಅದು. ಆದರೂ ಸರಿಯಾದ ತೀರ್ಮಾನ. ಕಳೆದುಹೋದ ಅರ್ಧ ಗಂಟೆಯ ಕೆಲಸವನ್ನು ಮತ್ತೆ ಮಾಡಬಹುದು. ಅಚ್ಚಾಗಿ ಹೊರಬಿದ್ದ ಪಟ್ಟಿಯನ್ನು ಮರಳಿ ಒಳಗೆ ಎಳೆದುಕೊಳ್ಳಲಾಗದು.

ಎಷ್ಟು ಹೊರಬಂದಿರಬಹುದು ಎಂಬುದನ್ನು ವೇಗದಿಂದ ಅಂದಾಜು ಮಾಡಬಹುದು. ಒಂದು ಸಾಲಿಗೆ ಹೆಸರು, ನಂಬರುಗಳು, ಪಾಸ್‌ವರ್ಡು ಸೇರಿ 40 ಅಕ್ಷರ ಎಂದಿಟ್ಟುಕೊಳ್ಳೋಣ. ಟೆಲಿಟೈಪಿಗೆ ಸಾಲಿಗೆ 4 ಸೆಕೆಂಡು. ಪಟ್ಟಿಯಲ್ಲಿ 300 ಸಾಲಿದ್ದರೆ ಪೂರ್ತಿ ಅಚ್ಚಾಗಲು 20 ನಿಮಿಷ, 2741ರಲ್ಲಿ 13 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಬೇಗ ಗಮನಿಸಿ ಬೇಗ ನಿಲ್ಲಿಸಿದರೆ ಬಹುಪಾಲು ಟರ್ಮಿನಲ್ಲುಗಳಲ್ಲಿ ಪಟ್ಟಿಯ ಮೇಲಿನ ಭಾಗ ಮಾತ್ರ ಬಂದಿರುತ್ತದೆ. ಇಂದಿನ ಪರದೆಯಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಹೊರಗೆ. ನಿಧಾನದ ಯಂತ್ರ ಇಲ್ಲಿ ಸಹಾಯಕ್ಕೆ ಬಂತು. ಆದರೆ ಕಾಗದ ಕಷ್ಟವನ್ನೂ ತಂದಿತು: ಪರದೆ ಅಳಿಸುತ್ತದೆ, ಕಾಗದ ಚೀಲ ಸೇರಿ ಮನೆಗೆ ಹೋಗುತ್ತದೆ.

ಆಮೇಲಿನ ಕೆಲಸ

ಯಂತ್ರ ನಿಂತಿತೆಂದ ಮಾತ್ರಕ್ಕೆ ದೋಷ ಹೋಗಲಿಲ್ಲ. ತಪ್ಪು ಫೈಲು ಇರುವುದು ಡಿಸ್ಕಿನ ಮೇಲೆ. ಮತ್ತೆ ಶುರು ಮಾಡಿ ಟರ್ಮಿನಲ್ಲುಗಳನ್ನು ಬಿಟ್ಟರೆ ಅದೇ ಪಟ್ಟಿ ಮತ್ತೆ ಬರುತ್ತದೆ. ಇಂಥಲ್ಲಿ ಕ್ರಮ ಮುಖ್ಯ: ಬಳಕೆದಾರರ ಲಾಗಿನ್ ತಡೆದು ಯಂತ್ರ ಎಬ್ಬಿಸಬೇಕು, ಸೂಚನೆಯ ಫೈಲನ್ನು ಅಳಿಸಬೇಕು, ತಾತ್ಕಾಲಿಕ ಫೈಲು ಉಳಿದಿದೆಯೇ ನೋಡಿ ತೆಗೆಯಬೇಕು. ಪಾಸ್‌ವರ್ಡ್ ಫೈಲನ್ನೂ ಪರೀಕ್ಷಿಸಬೇಕು. ಎರಡನೆಯವರು ನಡುವೆ ‘ಫೈಲ್’ ಎಂದಿದ್ದರೆ ಅದರೊಳಗೆ ಏನಿದೆ ಎಂಬುದನ್ನು ಕಣ್ಣಾರೆ ನೋಡದೆ ನಂಬುವಂತಿಲ್ಲ, ಅನುಮಾನವಿದ್ದರೆ ಬ್ಯಾಕಪ್ ಟೇಪಿನಿಂದ ತರಬೇಕು. ಆಮೇಲೆ ಉಳಿದದ್ದು ಬೇಸರದ ಕೆಲಸ. ಯಾರ ಪಾಸ್‌ವರ್ಡು ಯಾರ ಕಾಗದಕ್ಕೆ ಹೋಗಿದೆ ಎಂದು ತಿಳಿಯುವಂತಿಲ್ಲವಾದ್ದರಿಂದ ಎಲ್ಲರದನ್ನೂ ಬದಲಿಸುವುದೇ ದಾರಿ. ಸಿಟಿಎಸ್‌ಎಸ್ ತಂಡದ ಟಾಮ್ ವ್ಯಾನ್ ವ್ಲೆಕ್ ಆ ಶುಕ್ರವಾರ ಸಂಜೆ ಅಂದುಕೊಳ್ಳದ ಹಲವು ಗಂಟೆಗಳನ್ನು ಪಾಸ್‌ವರ್ಡು ಬದಲಿಸುವುದರಲ್ಲೇ ಕಳೆಯಬೇಕಾಯಿತು ಎಂದು ಆಮೇಲೆ ಬರೆದಿದ್ದಾರೆ. ಹೊಸ ಪಾಸ್‌ವರ್ಡನ್ನು ಅದೇ ಯಂತ್ರದ ಮೂಲಕ ತಿಳಿಸಲಾಗದು. ಪಾಸ್‌ವರ್ಡಿಲ್ಲದೆ ಅವರು ಒಳಬರುವುದೇ ಇಲ್ಲವಲ್ಲ!

ಎರಡು ಕಾರಣ, ಒಂದಲ್ಲ

ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣವನ್ನು ಹೇಳುವಾಗ ಹೆಚ್ಚಾಗಿ ಆಗುವ ತಪ್ಪು ಎರಡು ಬೇರೆ ದೋಷಗಳನ್ನು ಒಂದೇ ಗಂಟಿಗೆ ಕಟ್ಟುವುದು. ಫೈಲುಗಳು ಬೆರೆತದ್ದಕ್ಕೆ ಕಾರಣ ಹಂಚಿಕೊಂಡ ಡೈರೆಕ್ಟರಿ ಮತ್ತು ಬದಲಾಗದ ಹೆಸರು. ಬೆರೆತದ್ದು ಅನಾಹುತವಾದದ್ದಕ್ಕೆ ಕಾರಣ ಪಾಸ್‌ವರ್ಡುಗಳು ಸಾದಾ ಪಠ್ಯವಾಗಿದ್ದದ್ದು. ಮೊದಲನೆಯದನ್ನು ಸರಿಪಡಿಸಿ ಎರಡನೆಯದನ್ನು ಬಿಟ್ಟರೆ ಪಟ್ಟಿ ಬೇರೊಂದು ದಾರಿಯಿಂದ ಹೊರಬರುತ್ತದೆ.

ಹಾಗೆ ಬಂದದ್ದೂ ಉಂಟು, ಅದೂ ಈ ಘಟನೆಗಿಂತ ಮುಂಚೆ. 1962ರಲ್ಲಿ ಎಂಐಟಿಯ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಲನ್ ಶೆರ್ ಅವರಿಗೆ ವಾರಕ್ಕೆ 4 ಗಂಟೆಯ ಯಂತ್ರಕಾಲ ಸಾಲುತ್ತಿರಲಿಲ್ಲ. ಖಾತೆಯ ನಂಬರು ಮತ್ತು ಫೈಲಿನ ಹೆಸರು ಪಂಚ್ ಮಾಡಿದ ಕಾರ್ಡನ್ನು ಕೊಟ್ಟರೆ ಆ ಫೈಲನ್ನು ಅಚ್ಚು ಹಾಕಿ ಇಡುವ ಸೌಲಭ್ಯವಿತ್ತು. ಅವರು ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್ ಫೈಲಿನ ಹೆಸರಿನ ಕಾರ್ಡ್ ಕೊಟ್ಟು, ಶನಿವಾರ ನಸುಕಿನಲ್ಲಿ ಹೋಗಿ ಅಚ್ಚಾದ ಪಟ್ಟಿಯನ್ನು ಎತ್ತಿಕೊಂಡರು. ಇದನ್ನು ಅವರೇ ಎಷ್ಟೋ ವರ್ಷಗಳ ನಂತರ ಹೇಳಿದರು. ಅಲ್ಲಿ ಎಡಿಟರಿನ ಮಾತೇ ಇಲ್ಲ. ಸೋರಿದ್ದು ಅದೇ ಫೈಲು.

ಎಂಐಟಿಯ ಮುಂದಿನ ವ್ಯವಸ್ಥೆ ಮಲ್ಟಿಕ್ಸ್ ಎರಡು ಕಾರಣಗಳಿಗೂ ಬೇರೆಬೇರೆ ಉತ್ತರ ಕೊಟ್ಟಿತು. ತಾತ್ಕಾಲಿಕ ವಸ್ತುಗಳಿಗೆಂದೇ ಪ್ರತಿ ಪ್ರೋಸೆಸ್ಸಿಗೂ ಅದರದೇ ಡೈರೆಕ್ಟರಿ. ಒಬ್ಬರೇ ಎರಡು ಸಲ ಲಾಗಿನ್ ಆದರೂ ಎರಡು ಬೇರೆ ಡೈರೆಕ್ಟರಿಗಳು. ಹೊಸ ಹೆಸರು ಬೇಕಾದ ಪ್ರೋಗ್ರಾಮಿಗೆ, ಹಿಂದೆಂದೂ ಕೊಡದ ಹೆಸರನ್ನು ಕೊಡುವ ಸಬ್‌ರುಟೀನ್ ಬೇರೆ ಇತ್ತು. ಆ ಹೆಸರುಗಳು ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುತ್ತಿದ್ದುದರಿಂದ ಡೈರೆಕ್ಟರಿಯ ಪಟ್ಟಿಯಲ್ಲಿ ನೋಡಿದೊಡನೆ ಗುರುತು ಸಿಗುತ್ತಿತ್ತು. ಪಾಸ್‌ವರ್ಡುಗಳನ್ನು ಹಿಂದಿರುಗಿಸಲಾಗದ ಗಣಿತದ ಮೂಲಕ ಹಾಯಿಸಿ, ಬಂದ ಉತ್ತರವನ್ನಷ್ಟೇ ಇಡಲಾಯಿತು. ಮೊದಲು ಬಳಸಿದ ಗಣಿತ ನಿಜಕ್ಕೂ ಹಿಂದಿರುಗಿಸಬಹುದಾದದ್ದೇ ಎಂದು 1970ರ ದಶಕದ ಭದ್ರತಾ ಪರೀಕ್ಷೆಯಲ್ಲಿ ಗೊತ್ತಾಗಿ ಅದನ್ನು ಬದಲಿಸಬೇಕಾಯಿತು. ದಿಕ್ಕು ಸರಿಯಿತ್ತು.

ಯುನಿಕ್ಸ್ ತಂಡದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ತಮ್ಮ ಪಾಸ್‌ವರ್ಡ್ ವಿಧಾನವನ್ನು ವಿವರಿಸುವಾಗ ಸಿಟಿಎಸ್‌ಎಸ್‌ನ ಈ ಘಟನೆಯಿಂದಲೇ ಹೊರಟರು. ಪಾಸ್‌ವರ್ಡನ್ನು ಕೀಲಿಯಾಗಿಸಿ, ಸ್ವಲ್ಪ ಬದಲಿಸಿದ ಡಿಇಎಸ್ ಗೂಢಲಿಪಿಯನ್ನು 25 ಸಲ ಓಡಿಸುವುದು, 12 ಬಿಟ್ಟಿನ ‘ಉಪ್ಪು’ (ಸಾಲ್ಟ್ ಎಂಬ ಹೆಚ್ಚುವರಿ ಸಂಖ್ಯೆ) ಸೇರಿಸಿ ಒಂದೇ ಪಾಸ್‌ವರ್ಡಿಗೆ 4,096 ಬೇರೆ ರೂಪ ಬರುವಂತೆ ಮಾಡುವುದು ಅವರ ವಿಧಾನ. ಪಟ್ಟಿ ಎಂದಾದರೂ ಹೊರಬಂದೇ ಬರುತ್ತದೆ, ಬಂದರೂ ಕೆಲಸಕ್ಕೆ ಬಾರದಂತಿರಲಿ ಎಂಬ ಯೋಚನೆ ಅದು. ಹೆಸರಿನ ದೋಷಕ್ಕೆ ಯುನಿಕ್ಸ್‌ನ ಉತ್ತರ ಬೇರೆ. ‘ಇಡಿ’ ಎಡಿಟರಿನ ತಾತ್ಕಾಲಿಕ ಫೈಲಿನ ಹೆಸರಿನಲ್ಲಿ ಪ್ರೋಸೆಸ್ ನಂಬರು ಸೇರಿರುತ್ತಿತ್ತು. ಪಾಸ್‌ವರ್ಡ್ ಫೈಲನ್ನು ತಿದ್ದಲೆಂದೇ ಯುನಿಕ್ಸ್‌ನ ಬಿಎಸ್‌ಡಿ ರೂಪದಲ್ಲಿ ಬಂದ ‘ವಿಐಪಿಡಬ್ಲ್ಯೂ’ ಆಜ್ಞೆ ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರನ್ನು ಒಳಗೆ ಬಿಡುವುದಿಲ್ಲ.

ನಿಮ್ಮ ವ್ಯವಸ್ಥೆಯಲ್ಲಿ ನೋಡಬೇಕಾದದ್ದು

ಇದೇ ದೋಷ ಇಂದು ಹೆಚ್ಚಾಗಿ ಸಿಗುವುದು ಎಡಿಟರಿನಲ್ಲಲ್ಲ, ಶೆಲ್ ಸ್ಕ್ರಿಪ್ಟುಗಳಲ್ಲಿ. ಹಲವರು ಹಂಚಿಕೊಂಡ ಒಂದು ಸರ್ವಿಸ್ ಖಾತೆ, ಅದರಡಿ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಸೌಲಭ್ಯದಿಂದ) ಓಡುವ ಸ್ಕ್ರಿಪ್ಟು, ಅದರೊಳಗೆ ‘ಟಿಎಂಪಿ’ ಡೈರೆಕ್ಟರಿಯಲ್ಲಿ ಬದಲಾಗದ ಹೆಸರಿನ ಒಂದು ಫೈಲು. ಹಿಂದಿನ ಓಟ ಮುಗಿಯುವ ಮೊದಲೇ ಮುಂದಿನದು ಶುರುವಾದರೆ ನಾಲ್ಕು ಹೆಜ್ಜೆಯ ಆ ಸರಣಿ ಪೂರ್ತಿ ಮರುಕಳಿಸುತ್ತದೆ. ಒಬ್ಬ ಗ್ರಾಹಕರ ವರದಿ ಇನ್ನೊಬ್ಬರ ಇಮೇಲಿಗೆ ಹೋಗುವುದು ಹೀಗೆಯೇ.

ಪರೀಕ್ಷೆ ಸುಲಭ. ಸ್ಕ್ರಿಪ್ಟುಗಳಲ್ಲಿ ಬದಲಾಗದ ತಾತ್ಕಾಲಿಕ ಹೆಸರುಗಳನ್ನು ‘ಗ್ರೆಪ್’ನಿಂದ ಹುಡುಕಿ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ನಡುವೆ ಎರಡು ನಿಮಿಷದ ‘ಸ್ಲೀಪ್’ ಸೇರಿಸಿ, ಪರೀಕ್ಷಾ ಯಂತ್ರದಲ್ಲಿ ಬೇರೆಬೇರೆ ಇನ್‌ಪುಟ್ ಕೊಟ್ಟು ಎರಡು ಪ್ರತಿಗಳನ್ನು ಹತ್ತು ಸೆಕೆಂಡಿನ ಅಂತರದಲ್ಲಿ ಓಡಿಸಿ, ಔಟ್‌ಪುಟ್ ಹೋಲಿಸಿ. ಬೆರೆತಿದ್ದರೆ ಹೆಸರನ್ನು ‘ಎಂಕೆಟೆಂಪ್’ನಿಂದ ಪಡೆಯಿರಿ. ಸಿ ಭಾಷೆಯಲ್ಲಾದರೆ ‘ಎಂಕೆಎಸ್‌ಟೆಂಪ್’. ಅದು ಹೆಸರು ಕೊಡುವುದು ಮತ್ತು ಫೈಲು ತೆರೆಯುವುದು ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ, ಆ ಹೆಸರು ಆಗಲೇ ಇದ್ದರೆ ತೆರೆಯುವುದಿಲ್ಲ. ಅದು ಸೃಷ್ಟಿಸುವ ಫೈಲಿನ ಅನುಮತಿ 0600, ಅಂದರೆ ಮಾಲೀಕರಿಗೆ ಮಾತ್ರ. ಪ್ರೋಸೆಸ್ ನಂಬರನ್ನು ಹೆಸರಿಗೆ ಅಂಟಿಸಿದರೆ ಸಾಕೆಂದು ಬಿಡಬೇಡಿ. ನಂಬರುಗಳು ಸುತ್ತಿ ಬಂದು ಮತ್ತೆ ಬಳಕೆಯಾಗುತ್ತವೆ, ಹಂಚಿಕೊಂಡ ಡಿಸ್ಕಿನ ಮೇಲೆ ಎರಡು ಯಂತ್ರಗಳಲ್ಲಿ ಒಂದೇ ನಂಬರು ಇರಲೂಬಹುದು.

ಕೊನೆಗೆ ಖಾತೆಗಳ ಪಟ್ಟಿಯನ್ನು ತೆರೆದು, ಒಂದಕ್ಕಿಂತ ಹೆಚ್ಚು ಜನ ಬಳಸುವ ಖಾತೆಗಳನ್ನು ಗುರುತು ಮಾಡಿ. ಪ್ರತಿಯೊಂದರ ಹೋಮ್ ಡೈರೆಕ್ಟರಿಯಲ್ಲಿ ಎರಡು ಸೆಷನ್ನುಗಳಿಂದ ಒಂದೇ ಫೈಲನ್ನು ಎಡಿಟರಿನಲ್ಲಿ ತೆರೆದು ನೋಡಿ. ವಿಮ್ ಎಡಿಟರ್ ಆದರೆ ತನ್ನ ಸ್ವಾಪ್ ಫೈಲನ್ನು (ತಿದ್ದುವಾಗ ಪಕ್ಕದಲ್ಲಿ ಇಡುವ ತಾತ್ಕಾಲಿಕ ಫೈಲನ್ನು) ಕಂಡು, ಇದನ್ನು ಆಗಲೇ ಯಾರೋ ತೆರೆದಿದ್ದಾರೆ ಎಂದು ಪ್ರೋಸೆಸ್ ನಂಬರಿನ ಸಮೇತ ಎಚ್ಚರಿಸುತ್ತದೆ. ಎರಡನೆಯ ಸೆಷನ್ನು ಏನೂ ಹೇಳದೆ ತೆರೆದುಕೊಂಡರೆ, ಆ ಖಾತೆಯ ಸಂರಚನೆಯಲ್ಲಿ ಯಾರೋ ಸ್ವಾಪ್ ಫೈಲನ್ನು ಬಂದ್ ಮಾಡಿದ್ದಾರೆಯೇ ಎಂದು ಮೊದಲು ನೋಡಿ.